ರಾಜ್ಯ ಅಳಿಯಿತು, ಲಿಪಿ ಉಳಿಯಿತು

ಮಧ್ಯ ಯೂರೋಪಿನ ಮೊರಾವಾ ನದಿಯ ದಂಡೆಯಲ್ಲಿ, ಇಂದಿನ ಚೆಕ್ ಗಣರಾಜ್ಯದ ದಕ್ಷಿಣದ ಅಂಚಿಗೆ, ಮಿಕುಲ್‌ಚಿತ್ಸೆ ಎಂಬ ಹಳ್ಳಿಯಿದೆ. 1954ರಲ್ಲಿ ಅಲ್ಲಿ ಉತ್ಖನನ ಆರಂಭವಾದ ಮೇಲೆ ಕೋಟೆಯ ಗೋಡೆಗಳು, ಹಲವು ಚರ್ಚುಗಳ ತಳಪಾಯ, ಚಿನ್ನದ ಒಡವೆಗಳೊಡನೆ ಹೂಳಲಾದ ಶ್ರೀಮಂತರ ಸಮಾಧಿಗಳು ಮಣ್ಣಿನಡಿಯಿಂದ ಬೆಳಕಿಗೆ ಬಂದವು. ಒಂಬತ್ತನೆಯ ಶತಮಾನದಲ್ಲಿ ಇದು ಸ್ಲಾವ್ ಜನರ ಒಂದು ಬಲಿಷ್ಠ ರಾಜ್ಯದ ಮುಖ್ಯ ಕೇಂದ್ರವಾಗಿತ್ತು. ಆ ರಾಜ್ಯವೇ ಮಹಾ ಮೊರಾವಿಯಾ. ಅದು ಬಾಳಿದ್ದು ನೂರು ವರ್ಷಕ್ಕೂ ಕಡಿಮೆ. ಆದರೂ ಅದರ ಕಥೆ ಇಂದಿಗೂ ಪ್ರಸ್ತುತವಾಗಿದೆ. ಕಾರಣ, ಅದು ಕತ್ತಿಯ ಕಥೆ ಮಾತ್ರವಲ್ಲ, ಭಾಷೆಯ ಕಥೆಯೂ ಹೌದು.

ಸುಮಾರು 833ರಲ್ಲಿ ಮೊಯ್‌ಮಿರ್ ಎಂಬ ದೊರೆ ನಿತ್ರಾದ ಅರಸ ಪ್ರಿಬಿನಾನನ್ನು ಓಡಿಸಿ ಎರಡು ಸೀಮೆಗಳನ್ನು ಒಂದುಗೂಡಿಸಿದ. ಪಶ್ಚಿಮಕ್ಕಿದ್ದ ಪೂರ್ವ ಫ್ರಾಂಕ್ ರಾಜ್ಯದ ದೊರೆ ಜರ್ಮನ್ ಲೂಯಿ ಇದನ್ನು ಸಹಿಸಲಿಲ್ಲ. 846ರಲ್ಲಿ ದಂಡೆತ್ತಿ ಬಂದು, ಮೊಯ್‌ಮಿರನ ಬಂಧು ರಾಸ್ತಿಸ್ಲಾವನನ್ನು ಪಟ್ಟಕ್ಕೆ ಕೂರಿಸಿದ. ಆದರೆ ಹೇಳಿದಂತೆ ಕೇಳುವನೆಂದು ತಂದು ಕೂರಿಸಿದವನೇ ತಿರುಗಿಬಿದ್ದ.

ರಾಸ್ತಿಸ್ಲಾವನಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಗಡಿಯನ್ನು ಸೈನ್ಯ ಕಾಯಬಹುದು. ಆದರೆ ಧರ್ಮವೆಲ್ಲ ಬವೇರಿಯಾದ ಬಿಷಪ್ಪರ ಕೈಯಲ್ಲಿರುವ ತನಕ ಸ್ವಾತಂತ್ರ್ಯ ಅರೆಬರೆಯೇ. ಪೂಜೆ ನಡೆಯುತ್ತಿದ್ದುದು ಲ್ಯಾಟಿನ್‌ನಲ್ಲಿ, ಜನಕ್ಕೆ ಅದು ಅರ್ಥವಾಗುತ್ತಿರಲಿಲ್ಲ. ಆದ್ದರಿಂದ ಅವನು 862ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಸಾಮ್ರಾಟ ಮೂರನೆಯ ಮೈಕೇಲನಿಗೆ ದೂತರನ್ನು ಕಳುಹಿಸಿ, ಜನರ ಭಾಷೆಯಲ್ಲೇ ಬೋಧಿಸುವ ಗುರುಗಳು ಬೇಕೆಂದು ಕೇಳಿಕೊಂಡ.

ಮರುವರ್ಷ ಥೆಸಲೊನೀಕಾದ ಇಬ್ಬರು ಸಹೋದರರು ಬಂದರು. ಒಬ್ಬ ಕಾನ್‌ಸ್ಟಂಟೈನ್, ಮುಂದೆ ಸಿರಿಲ್ ಎಂದು ಹೆಸರಾದವನು, ಇನ್ನೊಬ್ಬ ಮೆಥೋಡಿಯಸ್. ಸಿರಿಲ್ ಸ್ಲಾವ್ ಭಾಷೆಯ ಉಚ್ಚಾರಣೆಗೆ ಒಪ್ಪುವ ಗ್ಲಾಗೊಲಿಟಿಕ್ ಲಿಪಿಯನ್ನು ರಚಿಸಿ, ಧರ್ಮಗ್ರಂಥಗಳ ಅನುವಾದಕ್ಕೆ ತೊಡಗಿದ. ದೇವರನ್ನು ಸ್ತುತಿಸಲು ಹೀಬ್ರೂ, ಗ್ರೀಕ್, ಲ್ಯಾಟಿನ್‌ಗಳಿಗೆ ಮಾತ್ರ ಅರ್ಹತೆ ಎಂದು ವಾದಿಸುವವರಿದ್ದ ಕಾಲವದು. ಸೋದರರು ರೋಮಿಗೇ ಹೋಗಿ ಪೋಪ್ ಎರಡನೆಯ ಏಡ್ರಿಯನ್ನನ ಸಮ್ಮತಿ ಪಡೆದರು. 869ರಲ್ಲಿ ಸಿರಿಲ್ ಅಲ್ಲೇ ತೀರಿಕೊಂಡ.

ಅಷ್ಟರಲ್ಲಿ ಮೊರಾವಿಯಾದಲ್ಲಿ ಗಾಳಿ ತಿರುಗಿತ್ತು. 870ರಲ್ಲಿ ರಾಸ್ತಿಸ್ಲಾವನನ್ನು ಅವನ ಅಣ್ಣ-ತಮ್ಮಂದಿರ ಮಗನೇ ಆದ ಸ್ವಾತೊಪ್ಲುಕ್ ಶತ್ರುಗಳಿಗೆ ಹಿಡಿದುಕೊಟ್ಟ. ಲೂಯಿ ಅವನ ಕಣ್ಣು ಕೀಳಿಸಿದ. ಆರ್ಚ್‌ಬಿಷಪ್ ಆಗಿದ್ದ ಮೆಥೋಡಿಯಸ್‌ನನ್ನು ಬವೇರಿಯಾದ ಬಿಷಪ್ಪರು ಸೆರೆಗೆ ತಳ್ಳಿದರು; ಅವನು ಬಿಡುಗಡೆಯಾದದ್ದು 873ರಲ್ಲಿ, ಪೋಪ್ ಎಂಟನೆಯ ಜಾನ್ ಮಧ್ಯೆ ಬಂದ ಮೇಲೆ.

ಸ್ವಾತೊಪ್ಲುಕ್ ಸಾಮಾನ್ಯನಲ್ಲ. ಬೊಹಿಮಿಯಾ, ವಿಸ್ತುಲಾ ನದಿಯ ಮೇಲ್ದಂಡೆ, ಪನೋನಿಯಾದ ಕೆಲವು ಭಾಗಗಳವರೆಗೆ ಅವನ ಅಧಿಕಾರ ಹಬ್ಬಿತು. ರಾಜ್ಯ ಅತಿ ವಿಶಾಲವಾದದ್ದು ಅವನ ಕಾಲದಲ್ಲೇ. ಆದರೆ ಸ್ಲಾವ್ ಭಾಷೆಯ ಪೂಜೆ ಅವನಿಗೆ ಬೇಕಾಗಿರಲಿಲ್ಲ. 885ರಲ್ಲಿ ಮೆಥೋಡಿಯಸ್ ತೀರಿಕೊಂಡೊಡನೆ ಪೋಪ್ ಐದನೆಯ ಸ್ಟೀಫನ್ ಅದನ್ನು ನಿಷೇಧಿಸಿದ. ಶಿಷ್ಯರನ್ನು ದೇಶದಿಂದ ಹೊರಗಟ್ಟಲಾಯಿತು. ಕೆಲವರನ್ನು ಗುಲಾಮರಾಗಿ ಮಾರಲಾಯಿತು.

894ರಲ್ಲಿ ಸ್ವಾತೊಪ್ಲುಕ್ ಸತ್ತ. ಮಕ್ಕಳು ಪರಸ್ಪರ ಕಾದಾಡಿದರು, ಬೊಹಿಮಿಯಾ ಕೈಬಿಟ್ಟಿತು. ಪೂರ್ವದಿಂದ ಮಗ್ಯಾರ್ ಕುದುರೆ ಸವಾರರು ನುಗ್ಗಿದರು. ಕ್ರಿ.ಶ. 907ರ ಹೊತ್ತಿಗೆ ರಾಜ್ಯ ಹೇಳಹೆಸರಿಲ್ಲದಂತಾಯಿತು. ಮಹಾ ಮೊರಾವಿಯಾ ಎಂಬ ಹೆಸರೂ ಆ ಬಳಿಕ ಬೈಜಾಂಟಿಯಂನ ಸಾಮ್ರಾಟ ಏಳನೆಯ ಕಾನ್‌ಸ್ಟಂಟೈನ್ ತನ್ನ ಗ್ರಂಥದಲ್ಲಿ ಬಳಸಿದ್ದು.

ಹೊರದಬ್ಬಿಸಿಕೊಂಡ ಶಿಷ್ಯರ ಗತಿಯೇನಾಯಿತು? ಕ್ಲೆಮೆಂಟ್, ನೌಮ್ ಮೊದಲಾದವರು ಬಲ್ಗೇರಿಯಾ ಸೇರಿದರು. ಅಲ್ಲಿನ ದೊರೆ ಬೋರಿಸ್ ಅವರನ್ನು ಆದರಿಸಿದ. ಓಹ್ರಿದ್ ಮತ್ತು ಪ್ರೆಸ್ಲಾವ್ ವಿದ್ಯಾಕೇಂದ್ರಗಳಾದವು. ಗ್ರೀಕ್ ಅಕ್ಷರಗಳ ಆಧಾರದ ಮೇಲೆ ಹೊಸ ಲಿಪಿಯೊಂದು ಬಲ್ಗೇರಿಯಾದಲ್ಲಿ ರೂಪುಗೊಂಡು, ಗುರುವಿನ ಹೆಸರಿನಿಂದ ಸಿರಿಲಿಕ್ ಎನಿಸಿತು. ರಷ್ಯಾ, ಉಕ್ರೇನ್, ಸರ್ಬಿಯಾಗಳ ಮಕ್ಕಳು ಇಂದಿಗೂ ಅಕ್ಷರ ತಿದ್ದುವುದು ಆ ಲಿಪಿಯಲ್ಲಿ.

ಜುಲೈ 5, ಸಿರಿಲ್ ಮತ್ತು ಮೆಥೋಡಿಯಸ್‌ರ ಹೆಸರಿನಲ್ಲಿ ಚೆಕ್ ಮತ್ತು ಸ್ಲೊವಾಕ್ ದೇಶಗಳೆರಡರಲ್ಲೂ ರಜಾದಿನ. 1992ರ ಸ್ಲೊವಾಕ್ ಸಂವಿಧಾನದ ಪೀಠಿಕೆ ಅವರನ್ನೂ ಮಹಾ ಮೊರಾವಿಯಾವನ್ನೂ ಸ್ಮರಿಸುತ್ತದೆ. ರಾಸ್ತಿಸ್ಲಾವ್ ಗುರುಗಳನ್ನು ಕರೆಸಿದ್ದು ರಾಜ್ಯವನ್ನು ಉಳಿಸಿಕೊಳ್ಳಲು. ರಾಜ್ಯ ಉಳಿಯಲಿಲ್ಲ. ಆದರೆ ಅವನ ಜನರಿಗಾಗಿ ಆರಂಭವಾದ ಓದು-ಬರಹ, ಆಳುವವರೇ ಬೇಡವೆಂದು ತಳ್ಳಿದ ಮೇಲೂ, ಬೇರೆ ನೆಲದಲ್ಲಿ ಬೇರೂರಿ ಬೆಳೆಯಿತು.