ಹಿತ್ತಲ ಗಿಡವೂ ಮದ್ದೇ



ಗದಗಿನಿಂದ ಹಂಪಿಗೆ ಹೊರಟವರು ಸುಮಾರು 12 ಕಿ.ಮೀ. ದೂರದಲ್ಲೇ ಲಕ್ಕುಂಡಿಯನ್ನು ದಾಟುತ್ತಾರೆ. ಇಳಿದು ನೋಡುವವರು ಕಡಿಮೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಪ್ರವಾಸಕ್ಕೂ ಸಲ್ಲುತ್ತದೆ.

ಶಾಸನಗಳು ಹೇಳುವ ಲೊಕ್ಕಿಗುಂಡಿಯೇ ಈ ಊರು. ದಾನಚಿಂತಾಮಣಿ ಅತ್ತಿಮಬ್ಬೆ ಇಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಅದನ್ನು ತಿಳಿಸುವ ಶಾಸನ ಕ್ರಿ.ಶ. 1007ರದು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳ ಸೂಕ್ಷ್ಮ ಕುಸುರಿಯಿದೆ. ಮುಸುಕಿನ ಬಾವಿಯ ಮೆಟ್ಟಿಲಿಳಿದರೆ, ಅಂದಿನವರು ನೀರಿಗೆ ಕೊಟ್ಟ ಮನ್ನಣೆ ಅರಿವಾಗುತ್ತದೆ.

ಇಂಥ ಸ್ಮಾರಕಗಳನ್ನು ಕಾಯಲು ಕಾನೂನಿದೆ, ಫಲಕವೂ ಇದೆ. ಆದರೆ ಸುತ್ತಲಿನ ಜನರೇ ಮರೆತರೆ ಫಲಕವೊಂದೇ ಏನು ಮಾಡೀತು? ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದವಳು ಇದೇ ಅತ್ತಿಮಬ್ಬೆ. ಹಲವರ ಕೈ ಸೇರಿದ ಆ ಕೃತಿ ಇಂದಿಗೂ ಉಳಿದಿದೆ. ಗುಡಿ, ಬಾವಿಗಳ ಮಾತೂ ಅಷ್ಟೇ. ನೆರೆಯೂರಿನವರು ಆಗಾಗ ಬಂದುಹೋದರೆ ಊರಿನ ಚಹಾದಂಗಡಿಗೆ ನಾಲ್ಕು ಕಾಸು ಸಿಗುತ್ತದೆ. ಗೋಡೆಯ ಮೇಲೆ ಹೆಸರು ಗೀಚುವವರೂ ಅಂಜುತ್ತಾರೆ.

ದೂರದ ಪ್ರವಾಸಕ್ಕೆ ರಜೆ ಬೇಕು, ಕೂಡಿಟ್ಟ ಹಣ ಬೇಕು. ಲಕ್ಕುಂಡಿಗೆ ಒಂದು ಭಾನುವಾರ, ಒಂದು ರೊಟ್ಟಿಬುತ್ತಿ ಸಾಕು. ಮಕ್ಕಳನ್ನೂ ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ. ಹಂಪಿ ಮುಂದಿನ ವಾರವೂ ಅಲ್ಲೇ ಇರುತ್ತದೆ.