ಗಾಣದ ಹಲ್ಲು, ಗಾಡಿಯ ಪಟ್ಟೆ

ಮಕ್ಕಳೇ, ನಿಮಗೊಂದು ಸವಾಲು. ಎತ್ತಿನ ಗಾಡಿಯ ಮರದ ಚಕ್ರ ಬೇಗ ಸವೆಯಬಾರದು ಎಂದು ಅದರ ಸುತ್ತ ಕಬ್ಬಿಣದ ಪಟ್ಟೆ ಹಾಕಬೇಕು. ಸಾಲಾಗಿ ಮೊಳೆ ಹೊಡೆದರೆ ಮರ ಸೀಳುತ್ತದೆ. ಅಂಟು ಹಚ್ಚಿದರೆ ಒಂದು ಮಳೆಗೂ ನಿಲ್ಲದು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಈ ಸವಾಲನ್ನು ನಮ್ಮ ಹಳ್ಳಿಯ ಕಮ್ಮಾರರು ಎಂದೋ ಬಿಡಿಸಿದ್ದರು. ಇಂದು ಮಂಡ್ಯ ನಗರದೊಳಗೇ ಸೇರಿಹೋಗಿರುವ ಗುತ್ತಲಿನಂಥ ಊರಾಗಲಿ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಾಗಲಿ, ಒಂದು ಕಾಲದಲ್ಲಿ ಬೇಸಾಯದ ಸಾಮಾನಿಗೆ ಅಂಗಡಿ ಹುಡುಕುತ್ತಿರಲಿಲ್ಲ. ನೇಗಿಲು, ನೊಗ, ಕೂರಿಗೆ, ಚಕ್ರ ಬಡಗಿಯ ಕೈಯಲ್ಲಿ ಹುಟ್ಟುತ್ತಿದ್ದವು. ನೇಗಿಲಿನ ಗುಳ, ಕುಡುಗೋಲು, ಗುದ್ದಲಿ, ಮಚ್ಚು ಕಮ್ಮಾರನ ಕುಲುಮೆಯಿಂದ ಬರುತ್ತಿದ್ದವು. ಈ ಇಬ್ಬರಿಗೂ ರೈತರು ಸುಗ್ಗಿಯಲ್ಲಿ ಕಣದಿಂದಲೇ ರಾಗಿ, ಭತ್ತ ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಎಂದು ಹೆಸರು.

ಈಗ ಪಟ್ಟೆಯ ಗುಟ್ಟು. ಕಮ್ಮಾರರು ಪಟ್ಟೆಯನ್ನು ಬೇಕೆಂದೇ ಚಕ್ರಕ್ಕಿಂತ ಚೂರು ಚಿಕ್ಕದಾಗಿ ಬಗ್ಗಿಸಿ ಬೆಸೆಯುತ್ತಿದ್ದರು. ತಣ್ಣಗಿರುವಾಗ ಅದು ಚಕ್ರಕ್ಕೆ ಹತ್ತುವುದೇ ಇಲ್ಲ. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕುತ್ತಿದ್ದರು. ಕಾದಂತೆ ಕಬ್ಬಿಣ ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೆ? ಒಂದು ಮೀಟರ್ ಉದ್ದದ ಕಬ್ಬಿಣ 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. ತೀರಾ ಕಡಿಮೆ ಅನಿಸಿತೇ? ಚಕ್ರದ ಎತ್ತರ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಅದರ ಸುತ್ತಳತೆ 4.7 ಮೀಟರ್. ಪಟ್ಟೆ 600 ಡಿಗ್ರಿಯಷ್ಟು ಹೆಚ್ಚು ಕಾದರೆ ಸುತ್ತಳತೆ ಸುಮಾರು 34 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟು ಸಾಕು! ಇಬ್ಬರು ಮೂವರು ಇಕ್ಕುಳದಲ್ಲಿ ಹಿಡಿದೆತ್ತಿ ಚಕ್ರದ ಮೇಲೆ ಕೂರಿಸಿ, ಮರ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ತಣಿದ ಪಟ್ಟೆ ಕುಗ್ಗಿ ಚಕ್ರವನ್ನು ಸುತ್ತಲಿಂದ ಬಿಗಿಯುತ್ತದೆ. ಮರದ ಸಂದುಗಳೆಲ್ಲ ಕಿರ್ರೆಂದು ಸದ್ದು ಮಾಡುತ್ತಾ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎಷ್ಟು ಚಿಕ್ಕದಾಗಿ ಮಾಡಬೇಕು ಎಂಬ ಲೆಕ್ಕವೇ ಇಲ್ಲಿ ವಿದ್ಯೆ. ತೀರಾ ಚಿಕ್ಕದಾದರೆ ಚಕ್ರವೇ ಸೊಟ್ಟಗಾಗುತ್ತದೆ, ದೊಡ್ಡದಾದರೆ ಬೇಸಿಗೆಯಲ್ಲಿ ಮರ ಒಣಗಿದಾಗ ಪಟ್ಟೆ ಕಳಚಿ ಬೀಳುತ್ತದೆ.

ಹಳೆಯ ನೇಗಿಲು ಬಹುಪಾಲು ಮರದ್ದೇ, ತುದಿಗೆ ಮಾತ್ರ ಕಬ್ಬಿಣದ ಗುಳ. ಇಡೀ ನೇಗಿಲನ್ನೇ ಕಬ್ಬಿಣದಲ್ಲಿ ಮಾಡಲು ಹೊರಟವರಲ್ಲಿ ಒಬ್ಬರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವರ ನೇಗಿಲನ್ನು ಕೊಳ್ಳಲು ರೈತರು ಹಿಂದೆಗೆದರು. ಕಬ್ಬಿಣ ಭೂಮಿಗೆ ವಿಷ ಎಂಬ ಭಯ ಅವರಿಗೆ. ಆದರೆ ಮಂಡ್ಯದ ಕೆಮ್ಮಣ್ಣನ್ನೇ ನೋಡಿ. ಅದಕ್ಕೆ ಆ ಕೆಂಪು ಬಂದಿರುವುದೇ ಮಣ್ಣಿನೊಳಗಿನ ಕಬ್ಬಿಣ ತುಕ್ಕು ಹಿಡಿದದ್ದರಿಂದ!

ಮಂಡ್ಯದ ಬೇಸಾಯ ಬದಲಾದದ್ದು ನೀರಿನಿಂದ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ನೀರು ಈ ಬಯಲಿಗೆ ಹರಿಯಿತು. ಅದನ್ನೇ ಈಗ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. ರಾಗಿ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು, ಕಬ್ಬಿನ ತೋಟಗಳಾದವು. ಕಬ್ಬು ಬಂತೆಂದರೆ ಗಾಣವೂ ಬೇಕಲ್ಲ!

ಹಿಂದೆ ಕಲ್ಲಿನ ಗಾಣ, ಮರದ ಗಾಣ ಇದ್ದವು. 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬ ಊರಿನಲ್ಲಿ ಎತ್ತು ತಿರುಗಿಸುವ ಕಬ್ಬಿಣದ ಗಾಣ ತಯಾರಾಯಿತು. ಆ ಬಗೆಯ ಗಾಣ ನಿಧಾನವಾಗಿ ದೇಶದ ತುಂಬ ಹರಡಿತು. ಎತ್ತಿನ ಗಾಣದಲ್ಲಿ ಸಾಮಾನ್ಯವಾಗಿ ನೆಟ್ಟಗೆ ನಿಂತ ಮೂರು ಉರುಳೆಗಳು, ತಲೆಯಲ್ಲಿ ಒಂದಕ್ಕೊಂದು ಕೂಡುವ ಹಲ್ಲುಚಕ್ರಗಳು ಇರುತ್ತಿದ್ದವು. ಉದ್ದನೆಯ ಮರವೊಂದು ಒಂದು ಉರುಳೆಯನ್ನು ತಿರುಗಿಸಿದರೆ, ಹಲ್ಲುಗಳು ಉಳಿದೆರಡನ್ನೂ ಎದುರು ದಿಕ್ಕಿಗೆ ತಿರುಗಿಸುತ್ತವೆ. ಕಬ್ಬು ಮೊದಲು ಅಗಲವಾದ ಸಂದಿಯಲ್ಲಿ ನುಗ್ಗಿ, ಆಮೇಲೆ ಕಿರಿದಾದ ಸಂದಿಯಲ್ಲಿ ಮತ್ತೊಮ್ಮೆ ಹಿಂಡಿಸಿಕೊಳ್ಳುತ್ತದೆ. ಕಬ್ಬಿನ ಹಾಲು ಕೆಳಗಿಳಿಯುತ್ತದೆ, ಹಿಂಡಿ ಉಳಿದ ಸಿಪ್ಪೆ, ಅಂದರೆ ರಚ್ಚು, ಆಚೆ ಬೀಳುತ್ತದೆ. ಬಿಸಿಲಿಗೆ ಒಣಗಿದ ಆ ರಚ್ಚೇ, ಆಲೆಮನೆಯಲ್ಲಿ ಹಾಲನ್ನು ಬೆಲ್ಲವಾಗಿ ಕಾಯಿಸುವ ಕೊಪ್ಪರಿಗೆಯ ಕೆಳಗಿನ ಒಲೆಗೆ ಉರುವಲು.

ಆದರೆ ಒಂದು ಜೊತೆ ಎತ್ತಿಗೆ ಕಬ್ಬನ್ನು ಅಷ್ಟು ಬಲವಾಗಿ ಹಿಂಡುವ ಶಕ್ತಿ ಎಲ್ಲಿಂದ ಬಂತು? ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಆಮೇಲೆ ಹಿಡಿಯ ಹತ್ತಿರ ತಳ್ಳಿ ನೋಡಿ. ದೂರದಿಂದ ತಳ್ಳಿದರೆ ಸುಲಭ, ಅಲ್ಲವೇ? ಗಾಣದಲ್ಲೂ ಅದೇ. ತಿರುಗಿಸುವ ಮರ 3 ಮೀಟರ್ ಉದ್ದ, ಉರುಳೆಯ ನಡುವಿನಿಂದ ಅಂಚಿಗೆ 15 ಸೆಂಟಿಮೀಟರ್ ಎನ್ನೋಣ. 3 ಮೀಟರ್‌ನಲ್ಲಿ 15 ಸೆಂಟಿಮೀಟರ್ ಇಪ್ಪತ್ತು ಸಲ ಬರುತ್ತದೆ. ಹಾಗಾಗಿ ಎತ್ತು ಎಳೆದ ಬಲ ಉರುಳೆಯ ಅಂಚಿನಲ್ಲಿ ಇಪ್ಪತ್ತು ಪಟ್ಟಾಗುತ್ತದೆ. ಅದರಲ್ಲಿ ಒಂದು ಪಾಲನ್ನು ಘರ್ಷಣೆ ತಿಂದುಹಾಕುತ್ತದೆ.

ಪ್ರಕೃತಿ ಇದನ್ನು ಬಿಟ್ಟಿಯಾಗಿ ಕೊಡುವುದಿಲ್ಲ. ಎತ್ತುಗಳು ಒಂದು ಸುತ್ತಿಗೆ ಸುಮಾರು 19 ಮೀಟರ್ ನಡೆಯಬೇಕು, ಆಗ ಕಬ್ಬು ಒಳಗೆ ಸರಿಯುವುದು ಒಂದು ಮೀಟರ್‌ಗಿಂತ ಕಡಿಮೆ. ಬಲ ಇಪ್ಪತ್ತು ಪಟ್ಟಾದರೆ, ದೂರ ಇಪ್ಪತ್ತರಲ್ಲಿ ಒಂದು ಪಾಲಾಗುತ್ತದೆ. ನನ್ನ ಮಟ್ಟಿಗೆ ಆಲೆಮನೆಗಿಂತ ಒಳ್ಳೆಯ ಭೌತವಿಜ್ಞಾನದ ತರಗತಿ ಇಲ್ಲ.

ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಕೋಲ್ಮನ್ ಅದಕ್ಕಾಗಿ ದುಡಿದರು. ಜನ ಈಗ ಅದನ್ನು ಮೈಷುಗರ್ ಎಂದೇ ಕರೆಯುತ್ತಾರೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಯಂತ್ರಗಳಲ್ಲೂ ಮೂರು ಮೂರು ಉರುಳೆಗಳ ಜೋಡಣೆಯೇ ಇರುತ್ತದೆ. ಉರುಳೆಗಳು ಮಲಗಿರುತ್ತವೆ, ಗಾತ್ರ ಬಹಳ ದೊಡ್ಡದು, ಅಷ್ಟೇ. ಆಲೆಮನೆಗಳಲ್ಲೂ ಎತ್ತುಗಳ ಜಾಗಕ್ಕೆ ಡೀಸೆಲ್ ಎಂಜಿನ್ ಬಂತು, ಆಮೇಲೆ ವಿದ್ಯುತ್ ಮೋಟಾರು. ನೋಡಲು ಹೋದರೆ ಉರುಳೆಗಳಿಂದ ದೂರವೇ ನಿಲ್ಲಿ. ಕಬ್ಬನ್ನು ಕಚ್ಚಲು ಉರುಳೆಯ ಮೈಮೇಲೆ ಕೊರೆದಿರುವ ಗೀರುಗಳು ಅಂಗಿಯ ತೋಳನ್ನೂ ಬಿಡುವುದಿಲ್ಲ.

ಹಳ್ಳಿಯ ಕುಲುಮೆಗಳು ಕಡಿಮೆಯಾಗಿವೆ, ಆದರೆ ಪೂರಾ ಆರಿಲ್ಲ. ಇಂದಿನ ಕಮ್ಮಾರರು ಮಚ್ಚು ಮಾಡಲು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಗಳನ್ನು ಹುಡುಕುತ್ತಾರೆ. ಸುಮ್ಮನೆ ಅಲ್ಲ. ಅದು ಉಕ್ಕು, ಅಂದರೆ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಇಂಗಾಲ ಬೆರೆತ ಕಬ್ಬಿಣ. ನಮ್ಮ ಸೀಮೆಗೆ ಉಕ್ಕು ಹೊಸದೂ ಅಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕನನ್, ಮದ್ದೂರಿನ ನೆರೆಯ ಚನ್ನಪಟ್ಟಣದಲ್ಲಿ ಸಂಗೀತ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಉಕ್ಕಿನಲ್ಲಿ ಇಂಗಾಲದ ಕೆಲಸವೇನು? ಕೆಂಪಗೆ ಕಾದ ಉಕ್ಕನ್ನು ನೀರಿನಲ್ಲಿ ಅದ್ದಿದರೆ, ಅದರೊಳಗಿನ ಇಂಗಾಲಕ್ಕೆ ಆಚೆ ಸರಿಯಲು ಸಮಯ ಸಿಗದೆ, ಅದು ಕಬ್ಬಿಣದ ಕಣಗಳ ನಡುವೆ ಸಿಕ್ಕಿಬೀಳುತ್ತದೆ. ಆಗ ಕಣಗಳು ಒಂದರ ಮೇಲೊಂದು ಜಾರಲಾರವು. ಉಕ್ಕು ತುಂಬ ಗಡುಸಾಗುತ್ತದೆ, ಆದರೆ ಒಂದು ಪೆಟ್ಟಿಗೆ ಮುರಿಯುವಷ್ಟು ಪೆಡಸೂ ಆಗುತ್ತದೆ. ಹಾಗಾಗಿ ಅದನ್ನು ಮತ್ತೆ ಸ್ವಲ್ಪವೇ ಕಾಯಿಸಬೇಕು. ಉಜ್ಜಿ ಬೆಳಗಿಸಿದ ಅಂಚಿನ ಮೇಲೆ ಬಣ್ಣ ಏರುತ್ತಾ ಬರುತ್ತದೆ: 220 ಡಿಗ್ರಿಯ ಆಸುಪಾಸಿನಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, 300ರ ಹತ್ತಿರ ನೀಲಿ. ಹರಿತವೇ ಮುಖ್ಯವಾದ ಉಪಕರಣವನ್ನು ಹಳದಿಗೇ ನಿಲ್ಲಿಸಬೇಕು. ಪೆಟ್ಟು ತಡೆಯಬೇಕಾದದ್ದನ್ನು ನೀಲಿಯವರೆಗೂ ಬಿಡಬೇಕು. ಕುಲುಮೆಯಲ್ಲಿ ತಾಪಮಾಪಕ ಇರುವುದಿಲ್ಲ. ಆ ಬಣ್ಣ ಓದುವ ಕಣ್ಣಿರುತ್ತದೆ.