ಸಾಲದ ಪುಸ್ತಕದಿಂದ ಪಹಣಿಯವರೆಗೆ
(ಉಪನ್ಯಾಸದ ಬರಹರೂಪ)



ಶಿಕಾರಿಪುರ ಮತ್ತು ಸೊರಬ ನೆರೆಯ ತಾಲ್ಲೂಕುಗಳಾದರೂ ನೆಲದ ಗುಣ ಒಂದೇ ಅಲ್ಲ. ಸೊರಬದ ಪಶ್ಚಿಮಕ್ಕೆ ಕಾನು, ಅಡಿಕೆ ತೋಟ, ಭತ್ತದ ಗದ್ದೆ. ಶಿಕಾರಿಪುರದ ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ಮೆಕ್ಕೆಜೋಳದ ಹೊಲ. ಆದರೆ ಎರಡಕ್ಕೂ ಸಮಾನವಾದ ಸಂಗತಿಯೊಂದುಂಟು. ನಾಟಿ, ಕಳೆ, ಕೊಯ್ಲು, ಬೀಜದ ಜೋಪಾನ ಹೆಣ್ಣಿನ ಕೈಯಲ್ಲಿ. ಪಹಣಿ ಬಹುಪಾಲು ಗಂಡಿನ ಹೆಸರಿನಲ್ಲಿ. 1974ರ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು. ಅದೊಂದು ದೊಡ್ಡ ಹೆಜ್ಜೆ. ಆದರೆ ‘ಉಳುವವನೇ ಹೊಲದೊಡೆಯ’ ಎಂಬ ಮಾತಿನಲ್ಲಿ ನಟ್ಟವಳಿಗೆ ಸ್ಥಾನವಿರಲಿಲ್ಲ.

ನೆಲವಿಲ್ಲದವಳಿಗೆ ಅಡಮಾನವಿಲ್ಲ, ಅಡಮಾನವಿಲ್ಲದವಳಿಗೆ ಬ್ಯಾಂಕಿಲ್ಲ. ಈ ಬೀಗವನ್ನು ಮೊದಲು ತೆರೆದದ್ದು ಸ್ವಸಹಾಯ ಸಂಘ. 1980ರ ದಶಕದಲ್ಲಿ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಬೆಳೆಸಿದ ಗುಂಪುಗಳ ಅನುಭವವನ್ನು ಆಧರಿಸಿ, 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗ ಕೈಗೊಂಡಿತು. 2000ದಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ತಂದಿತು. ವಾರದ ಉಳಿತಾಯ, ಪರಸ್ಪರ ಹೊಣೆ, ಸ್ವಂತ ಸಹಿ—ಇವು ಸಣ್ಣ ಗಳಿಕೆಗಳಲ್ಲ. ತಾಳಿಯನ್ನು ಒತ್ತೆಯಿಡದೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವುದು ಎಷ್ಟೋ ತಾಯಂದಿರಿಗೆ ಸಾಧ್ಯವಾಯಿತು.

ಆದರೆ ಸಾಲವೇ ಆದಾಯವಲ್ಲ. ಬೆಳೆಯ ಹಣ ವರ್ಷಕ್ಕೊಮ್ಮೆ ಬರುತ್ತದೆ. ಕಂತು ವಾರಕ್ಕೊಮ್ಮೆ ಬರುತ್ತದೆ. ನಡುವಿನ ಕಂದಕವನ್ನು ತುಂಬಲು ಮತ್ತೊಂದು ಕಡೆ ಸಾಲ, ಅದನ್ನು ತೀರಿಸಲು ಇನ್ನೊಂದು. ರಾಜ್ಯದಲ್ಲಿ ಕಿರುಸಾಲ ವಸೂಲಿಯ ಕಿರುಕುಳ ಮಿತಿಮೀರಿದಾಗ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ವಸೂಲಿಗಾರನನ್ನು ಬಾಗಿಲಲ್ಲಿ ತಡೆಯಬಲ್ಲದು. ಒಳಗಿನ ಕಣಜವನ್ನು ತುಂಬಲಾರದು.

ಕಣಜ ತುಂಬುವ ದಾರಿ ನಮ್ಮ ಸುತ್ತಲೇ ಇದೆ. ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸೊರಬ ತಾಲ್ಲೂಕಿನಲ್ಲಿ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ವಿಸ್ತೀರ್ಣ 32,594 ಎಕರೆ. ಕಾಡುಮೆಣಸು ಕೊಟ್ಟ ಆ ಕಾನುಗಳಲ್ಲಿ ಉಳಿದಿರುವುದನ್ನಾದರೂ ಕಾಯುವುದು ಆರ್ಥಿಕ ಕಾರ್ಯವೇ ಹೌದು. ಉಪ್ಪಾಗೆಯನ್ನು ನೋಡಿ. ಹಣ್ಣು ಮಾಗುವುದು ಮಳೆಗಾಲದಲ್ಲಿ. ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಲು ರಾಶಿ ಕಟ್ಟಿಗೆ ಬೇಕು. ಹಸಿ ಸಿಪ್ಪೆಯನ್ನು ಇಟ್ಟುಕೊಳ್ಳಲಾಗದವರು ವ್ಯಾಪಾರಿ ಹೇಳಿದ ಬೆಲೆಗೆ ಕೊಡಬೇಕು. ಬೇರೆಯವರು ಕೊಯ್ದುಬಿಟ್ಟಾರೆಂಬ ಆತುರದಲ್ಲಿ ಎಳೆಗಾಯಿಯ ಜೊತೆಗೆ ಟೊಂಗೆಯೂ ಕೆಳಗೆ ಬೀಳುತ್ತದೆ. ಸಂಘವೇ ಕಡಿಮೆ ಕಟ್ಟಿಗೆಯ ಒಲೆ ಹೂಡಿ, ಕೊಯ್ಲಿನ ದಿನ ನಿಗದಿಮಾಡಿ, ಬೀಜದಿಂದ ತುಪ್ಪ ತೆಗೆದರೆ ಬೆಲೆಗಾಗಿ ಕಾಯುವ ಶಕ್ತಿ ಬರುತ್ತದೆ. ಕಾಯುವ ಶಕ್ತಿಯೇ ಬಡವರ ಬಂಡವಾಳ. ನೆರೆಯ ಶಿರಸಿಯ ‘ವನಸ್ತ್ರೀ’ ಬಳಗದ ಮಹಿಳೆಯರು ಹಿತ್ತಲಿನ ತರಕಾರಿ ಬೀಜಗಳನ್ನು ಉಳಿಸಿ, ಹಂಚಿ, ಮಾರಿ ತೋರಿಸಿದ್ದಾರೆ. ಮೆಕ್ಕೆಜೋಳದ ಹೊಲದಲ್ಲೂ ಸಾಲುಗಳ ನಡುವೆ ತೊಗರಿ, ಅಲಸಂದೆ ಬಿತ್ತಿದರೆ ಅಂಗಡಿಯ ಬೇಳೆಯ ಖರ್ಚು ಇಳಿಯುತ್ತದೆ.

ಕೊನೆಯದಾಗಿ ಹಕ್ಕು. 2006ರ ಅರಣ್ಯ ಹಕ್ಕು ಕಾಯ್ದೆ ಅರ್ಹ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಒಡೆತನ ನೀಡುತ್ತದೆ. ವಿವಾಹಿತರಾದರೆ ಭೂಮಿಯ ಹಕ್ಕುಪತ್ರ ಪತಿ-ಪತ್ನಿ ಇಬ್ಬರ ಹೆಸರಿನಲ್ಲೂ ಇರಬೇಕೆನ್ನುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಸಮಪಾಲನ್ನು ಕರ್ನಾಟಕ 1994ರಲ್ಲಿಯೇ ಒಪ್ಪಿತು. ದೇಶ 2005ರಲ್ಲಿ ಒಪ್ಪಿತು. ಕಾಗದದ ಮೇಲಿನ ಈ ಮಾತು ಮನೆಯ ಜಗಲಿಗೆ ಇನ್ನೂ ಪೂರ್ತಿ ಇಳಿದಿಲ್ಲ.

ಅಕ್ಕಮಹಾದೇವಿಯ ಉಡುತಡಿ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅವಳ ಹೆಸರನ್ನು ಹೆಮ್ಮೆಯಿಂದ ಹೇಳುವ ಊರುಗಳಲ್ಲಿ ಎಷ್ಟು ಪಹಣಿಗಳಲ್ಲಿ ಹೆಣ್ಣಿನ ಹೆಸರಿದೆ? ವಿದ್ಯಾರ್ಥಿಗಳು ತಮ್ಮ ಊರಿನದನ್ನು ಎಣಿಸಲಿ. ಸಂಘದ ತಾಯಂದಿರು ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಲಿ: ಈ ಸಾಲ ಯಾವ ದುಡಿಮೆಗೆ? ಬಂದ ಹಣ ಯಾರ ಖಾತೆಗೆ? ದುಡಿದ ನೆಲ ಯಾರ ಹೆಸರಿಗೆ? ಮೂರಕ್ಕೂ ಉತ್ತರ ಸಿಕ್ಕ ದಿನವೇ ಸಬಲೀಕರಣದ ಆರಂಭ.